ಸಿಹಿ ಡಬ್ಬಿಯ ಜೊತೆಗೊಂದು ಬ್ಯಾಟರಿ: ಹೊಳೆಸೀಮೆಯ ಹಬ್ಬಕ್ಕೆ ಸಣ್ಣ ಉಡುಗೊರೆಗಳು

ಬಳ್ಳಾರಿ: 2009ರಲ್ಲಿ ವಿಜಯದಶಮಿ ಬಂದದ್ದು ಸೆಪ್ಟೆಂಬರ್ 28ರಂದು. ಬನ್ನಿ ಕೊಟ್ಟು, ಬಂಗಾರದಂತೆ ಬಾಳೋಣ ಎಂದು ಪರಸ್ಪರ ಹರಸಿಕೊಂಡು ನಾಲ್ಕು ದಿನ ಕಳೆಯುವಷ್ಟರಲ್ಲಿ ಉತ್ತರ ಕರ್ನಾಟಕದ ಅರ್ಧ ಭಾಗ ನೀರಿನಲ್ಲಿತ್ತು. ಅಕ್ಟೋಬರ್ 2ರ ಹೊತ್ತಿಗೆ ತುಂಗಭದ್ರೆಯ ಪ್ರವಾಹ ಮಂತ್ರಾಲಯವನ್ನೂ ಕರ್ನೂಲು ನಗರವನ್ನೂ ಮುಳುಗಿಸಿತು. ಅದಕ್ಕೂ ಮೇಲ್ಭಾಗದಲ್ಲಿರುವ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳು ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ವೇದಾವತಿ ಎಂಬಂತೆ ಎರಡು ಹೊಳೆಗಳ ನಡುವೆ ಸಿಲುಕಿ ನಲುಗಿದವು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು.

ಹದಿನೈದು ವರ್ಷಗಳ ನಂತರ, 2024ರಲ್ಲಿ, ನಾಗರ ಪಂಚಮಿ ಆಗಸ್ಟ್ 9ರಂದು ಬಂದಿತ್ತು. ಮರುದಿನ ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ಹಬ್ಬಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇನ್ನೂ ಮರಳಿರದ ದಿನಗಳವು. ನದಿ ದಂಡೆಯ ಜನರು ಎಚ್ಚರದಿಂದಿರಬೇಕು ಎಂಬ ಸೂಚನೆ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಜಿಲ್ಲೆಗಳಿಗೆ ಹೋಯಿತು.

ಎರಡೂ ಸಲ ಗಂಡಾಂತರವು ಹಬ್ಬದ ಬೆನ್ನಿಗೇ ಬಂದದ್ದು ಕಾಕತಾಳೀಯವೆನಿಸಬಹುದು. ಪಂಚಾಂಗವನ್ನು ಮುಂದಿಟ್ಟುಕೊಂಡು ನೋಡಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಂಗಾರು ಬಲಗೊಂಡು ಜಲಾಶಯ ತುಂಬುವ ಶ್ರಾವಣದಲ್ಲಿ ಪಂಚಮಿ, ಹಿಂಗಾರಿಗೆ ತಿರುಗುವ ಸಂಧಿಕಾಲದಲ್ಲಿ ದಸರಾ, ಬಿಸಿಲು ಕಾಯತೊಡಗುವ ಚೈತ್ರದಲ್ಲಿ ಯುಗಾದಿ. ಈ ಸೀಮೆಯ ಹಬ್ಬಗಳ ಪಟ್ಟಿ ಮತ್ತು ಅಪಾಯಗಳ ಪಟ್ಟಿ ಒಂದೇ ಕಾಲಮಾನದ ಮೇಲೆ ನಡೆಯುತ್ತವೆ. ಹಾಗಿದ್ದರೆ ಹಬ್ಬಕ್ಕೆ ಕೊಡುವ ಉಡುಗೊರೆಯಲ್ಲಿ ಆ ಅಪಾಯಕ್ಕೊಂದು ಸಣ್ಣ ಉತ್ತರವೂ ಇರಬಾರದೇಕೆ?

ಬದಲಿ ಇಲ್ಲದ ಬಾಗಿಲು

ಗೇಟು ಮುರಿದ ಪ್ರಸಂಗವನ್ನು ಒಮ್ಮೆ ನೆನಪಿಸಿಕೊಳ್ಳುವುದು ಅಗತ್ಯ. 33 ಗೇಟುಗಳಿರುವ, ಸುಮಾರು 105 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯವದು. ಏಳು ದಶಕಗಳ ಹಿಂದೆ ಕಟ್ಟಿದ ಅಣೆಕಟ್ಟು ಆ ದಿನ ಬಹುತೇಕ ತುಂಬಿತ್ತು. ಮುರಿದ ಗೇಟಿನ ಜಾಗದಲ್ಲಿ ತಾತ್ಕಾಲಿಕವಾಗಿ ಇಳಿಸಲು ಬೇಕಾದ ‘ಸ್ಟಾಪ್ ಲಾಗ್’ ಎಂಬ ಬದಲಿ ಬಾಗಿಲು ಅಲ್ಲಿರಲಿಲ್ಲ. ಒಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗುತ್ತಿರುವಾಗ, ಉಳಿದ ಗೇಟುಗಳ ಮೇಲಿನ ಒತ್ತಡ ತಗ್ಗಿಸಲು ಅವುಗಳಿಂದಲೂ ನೀರು ಬಿಡಬೇಕಾಯಿತು. ಬದಲಿ ಬಾಗಿಲಿನ ಭಾಗಗಳನ್ನು ಹೊಸಪೇಟೆ ಮತ್ತು ತೋರಣಗಲ್ಲು ಸುತ್ತಲಿನ ಕಾರ್ಖಾನೆಗಳಲ್ಲಿ ಹಗಲಿರುಳು ತಯಾರಿಸಲಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ಹರಿಯುವ ನೀರಿನ ನಡುವೆಯೇ ಅದನ್ನು ಇಳಿಸಿದ್ದು ಆಗಸ್ಟ್ 16 ಮತ್ತು 17ರಂದು. ಅಷ್ಟರಲ್ಲಿ ಸುಮಾರು 30 ಟಿಎಂಸಿ ಅಡಿ ನೀರು ಹರಿದುಹೋಗಿತ್ತು.

ಮಳೆ ಕೈಹಿಡಿದಿದ್ದರಿಂದ ಜಲಾಶಯ ಮತ್ತೆ ತುಂಬಿತು. ಆ ವರ್ಷ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಬಾಗಿನ ಅರ್ಪಿಸಿ, ದುರಸ್ತಿಯಲ್ಲಿ ದುಡಿದವರನ್ನು ಸನ್ಮಾನಿಸಿದರು. ಬೆಲೆ ತೆರುವುದು ಮಾತ್ರ ಅಲ್ಲಿಗೆ ಮುಗಿಯಲಿಲ್ಲ. 2025ರ ಮಳೆಗಾಲದಲ್ಲಿ ಸುರಕ್ಷತೆಯ ದೃಷ್ಟಿಯಿಂದ ನೀರಿನ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಮಿತಿಗೊಳಿಸಲಾಯಿತು. ಹಳೆಯ ಗೇಟುಗಳನ್ನು ಬದಲಿಸುವ ಕಾಮಗಾರಿಗಾಗಿ ಆ ಸಾಲಿನ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನವೂ ಹೊರಬಿತ್ತು. ಸಿರುಗುಪ್ಪದ ಭತ್ತದ ಗದ್ದೆಗೂ ಕುರುಗೋಡಿನ ಹೊಲಗಳಿಗೂ ಒಂದು ಸರಪಳಿಯ ಬೆಲೆ ಎಷ್ಟೆಂಬುದು ಆಗ ತಿಳಿಯಿತು.

ಈ ಘಟನೆಯಿಂದ ಸರ್ಕಾರ ಕಲಿಯಬೇಕಾದ ಪಾಠಗಳು ಬೇಕಾದಷ್ಟಿವೆ. ಮನೆಗಳೂ ಕಲಿಯಬಹುದಾದ ಪಾಠ ಒಂದಿದೆ. ದಿನವೂ ಕೈಗೆತ್ತಿಕೊಳ್ಳದ ವಸ್ತು, ಬೇಕಾದ ದಿನ ಕೆಲಸ ಮಾಡುತ್ತದೆಯೇ? ಅದು ಕೈಕೊಟ್ಟರೆ ಬದಲಿ ಏನಿದೆ? ಅಣೆಕಟ್ಟಿಗೆ ಕೇಳುವ ಈ ಎರಡು ಪ್ರಶ್ನೆಗಳನ್ನು ಅಟ್ಟದ ಮೇಲಿನ ಬ್ಯಾಟರಿಗೂ, ಅಡುಗೆಮನೆಯ ಗ್ಯಾಸ್ ಕೊಳವೆಗೂ, ಕಪಾಟಿನ ಕಾಗದಪತ್ರಗಳಿಗೂ ಕೇಳಬಹುದು.

ಹೊರಗಿನ ದೇಶಗಳಲ್ಲಿ ಏನಾಗುತ್ತಿದೆ?

ಮನೆಮಂದಿ ಕೆಲವು ದಿನ ಯಾರ ನೆರವೂ ಇಲ್ಲದೆ ನಿಭಾಯಿಸುವಷ್ಟು ಸಿದ್ಧರಿರಬೇಕು ಎಂಬ ವಿಚಾರಕ್ಕೆ ಜಗತ್ತಿನಲ್ಲಿ ಈಗ ಹೊಸ ಬಲ ಬಂದಿದೆ. ಸ್ವೀಡನ್ ಸರ್ಕಾರ 2018ರಲ್ಲಿಯೂ 2024ರಲ್ಲಿಯೂ ಪ್ರತಿ ಮನೆಗೆ ಈ ಕುರಿತ ಕೈಪಿಡಿ ಕಳುಹಿಸಿತು. ಐರೋಪ್ಯ ಒಕ್ಕೂಟ 2025ರ ಮಾರ್ಚಿನಲ್ಲಿ ತನ್ನ ನಾಗರಿಕರಿಗೆ 72 ಗಂಟೆಗಳಿಗೆ ಸಾಕಾಗುವ ಸಾಮಗ್ರಿ ಇಟ್ಟುಕೊಳ್ಳಲು ಸಲಹೆ ನೀಡಿತು. 1923ರ ಭೂಕಂಪದ ನೆನಪಿಗೆ ಜಪಾನಿನಲ್ಲಿ ಪ್ರತಿ ಸೆಪ್ಟೆಂಬರ್ 1ರಂದು ವಿಪತ್ತು ತಡೆ ದಿನ ಆಚರಿಸಲಾಗುತ್ತದೆ. ಇಂತಹ ಸಿದ್ಧತೆಯಲ್ಲಿ ಆಸಕ್ತಿ ಇರುವವರಿಗೆ ಕ್ರಿಸ್‌ಮಸ್ ಉಡುಗೊರೆಯಾಗಿ ಕೊಡಬಹುದಾದ ಸೀಟಿ, ಪುಟ್ಟ ದೀಪ, ಪ್ರಥಮ ಚಿಕಿತ್ಸೆಯ ಡಬ್ಬಿಗಳಿಗೆ ಅಲ್ಲಿ ಪ್ರತ್ಯೇಕ ಮಾರುಕಟ್ಟೆಯೇ ಇದೆ.

ಭಾರತದಲ್ಲಿ 2005ರ ವಿಪತ್ತು ನಿರ್ವಹಣಾ ಕಾಯ್ದೆಯ ನಂತರ ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ಪ್ರಾಧಿಕಾರಗಳು ಬಂದವು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲ್‌ಗಳು ಏಕಕಾಲಕ್ಕೆ ಕಿರುಚಿಕೊಂಡದ್ದು ತುರ್ತು ಸಂದೇಶ ವ್ಯವಸ್ಥೆಯ ಪರೀಕ್ಷೆಗಾಗಿ. 2025ರ ಮೇ 7ರಂದು ದೇಶಾದ್ಯಂತ ನಾಗರಿಕ ರಕ್ಷಣಾ ಅಣಕು ಕಾರ್ಯಾಚರಣೆಗೆ ಕರೆ ಬಂದಾಗ, ಆ ಪಟ್ಟಿಯಲ್ಲಿ ನೆರೆಯ ರಾಯಚೂರೂ ಇತ್ತು. ಆದರೆ ಬ್ಯಾಟರಿ, ಔಷಧ, ಒಣ ತಿಂಡಿ ಇರುವ ಚೀಲವೊಂದನ್ನು ಸಿದ್ಧವಾಗಿಡಿ ಎಂಬ ಮಾತು ಸರ್ಕಾರಿ ಭಿತ್ತಿಪತ್ರವನ್ನು ದಾಟಿ ಮನೆಯೊಳಗೆ ಬಂದದ್ದು ಕಡಿಮೆ. ಭಿತ್ತಿಪತ್ರ ತಲುಪದ ಕಡೆಗೆ ಬೀಗರ ಕೈಚೀಲ ತಲುಪುತ್ತದೆ ಎಂಬುದು ಈ ನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾದ ವಿಷಯವಲ್ಲ.

ಯುಗಾದಿಗೆ ಬಿಸಿಲಿನ ಬುತ್ತಿ

ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿಯಲ್ಲ. ಬೇವು ಬೆಲ್ಲದ ಜೊತೆಗೆ ಕೊಡಬಹುದಾದ ಅತಿ ಅಗ್ಗದ, ಅತಿ ಉಪಯುಕ್ತ ವಸ್ತುವೆಂದರೆ ನಾಲ್ಕಾರು ಓಆರ್‌ಎಸ್ ಪೊಟ್ಟಣಗಳು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಬೆರೆಸಬೇಕು. ಲೋಟದಲ್ಲಿ ಚಿಟಿಕೆ ಹಾಕಿ ಕುಡಿದರೆ ಪ್ರಮಾಣ ಕೆಡುತ್ತದೆ. ಬೆರೆಸಿದ ನೀರನ್ನು ಒಂದು ದಿನದೊಳಗೆ ಮುಗಿಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಲೆಕ್ಕ ಸಾಕು. ಇಲ್ಲಿ ಚಮಚವೆಂದರೆ ಚಹಾ ಚಮಚ.

ಕೊಳ್ಳುವಾಗ ಒಂದು ಎಚ್ಚರಿಕೆ ಬೇಕು. ಓಆರ್‌ಎಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಅನೇಕ ಡಬ್ಬಿ ಪಾನೀಯಗಳಲ್ಲಿ ಸಕ್ಕರೆಯ ಪ್ರಮಾಣ ವಿಪರೀತವಾಗಿತ್ತು. ಹೈದರಾಬಾದಿನ ಮಕ್ಕಳ ತಜ್ಞೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಬಳಿಕ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅಂತಹ ಪಾನೀಯಗಳ ಮೇಲೆ ಆ ಹೆಸರು ಬಳಸದಂತೆ ಆದೇಶಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪೊಟ್ಟಣವನ್ನೇ ಔಷಧದಂಗಡಿಯಲ್ಲಿ ಕೇಳಿ ಪಡೆಯುವುದು ಸರಿಯಾದ ದಾರಿ.

ಯುಗಾದಿಯ ನಂತರದ ಎರಡು ತಿಂಗಳು ಸಿಡಿಲಿನ ಕಾಲವೂ ಹೌದು. ಇಲ್ಲಿ ಕೊಡಬಹುದಾದ ಉಡುಗೊರೆಗೆ ಕಾಸು ಬೇಕಾಗಿಲ್ಲ. ಪುಣೆಯ ಉಷ್ಣವಲಯದ ಹವಾಮಾನ ಸಂಸ್ಥೆಯ ‘ದಾಮಿನಿ’, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಎಂಬ ಆ್ಯಪ್‌ಗಳು ಹತ್ತಿರದಲ್ಲಿ ಸಿಡಿಲಿನ ಸಂಭವವಿದ್ದರೆ ತಿಳಿಸುತ್ತವೆ. ಹಬ್ಬಕ್ಕೆ ಊರಿಗೆ ಹೋದ ಮಗ ಅಥವಾ ಮಗಳು ಅಪ್ಪನ ಮೊಬೈಲಿನಲ್ಲಿ ಅವನ್ನು ಹಾಕಿಕೊಟ್ಟು, ಸದ್ದು ಬಂದಾಗ ಮರದಡಿ ನಿಲ್ಲಬಾರದು, ಗಟ್ಟಿ ಮನೆಯೊಳಗೆ ಬರಬೇಕು ಎಂದು ಹೇಳಿಬಂದರೆ ಅರ್ಧ ಗಂಟೆಯ ಕೆಲಸ ಮುಗಿಯಿತು.

ಪಂಚಮಿಗೆ ಬೆಳಕು, ಬೂಟು, ಪರದೆ

ಉತ್ತರ ಕರ್ನಾಟಕದಲ್ಲಿ ಪಂಚಮಿ ಅಕ್ಕತಂಗಿಯರ ಹಬ್ಬ. ತವರಿನಿಂದ ಕರೆ ಬರುತ್ತದೆ, ಜೋಕಾಲಿ ಕಟ್ಟಲಾಗುತ್ತದೆ, ಉಂಡಿ ಕಟ್ಟಲಾಗುತ್ತದೆ. ಹುತ್ತಕ್ಕೆ ಹಾಲೆರೆಯುವ ಈ ಹಬ್ಬದ ಹೊತ್ತಿಗೇ ಹೊಲದಲ್ಲಿ ಹಾವು ಕಡಿತದ ಪ್ರಕರಣಗಳೂ ಏರುತ್ತವೆ. ಭಾರತದಲ್ಲಿ 2000ದಿಂದ 2019ರ ನಡುವೆ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಪಂಪ್‌ಸೆಟ್ಟಿಗೆ ತ್ರೀಫೇಸ್ ವಿದ್ಯುತ್ ರಾತ್ರಿ ಪಾಳಿಯಲ್ಲಿ ಬಂದರೆ ರೈತ ಕತ್ತಲಲ್ಲೇ ಬದುವಿನ ಮೇಲೆ ನಡೆಯಬೇಕು. ಅವನಿಗೆ ತಂಗಿಯ ಮನೆಯವರು ಕೊಡಬಹುದಾದದ್ದು ತಲೆಗೆ ಕಟ್ಟಿಕೊಳ್ಳುವ ಒಂದು ಎಲ್‌ಇಡಿ ಬ್ಯಾಟರಿ ಮತ್ತು ಮೊಣಕಾಲವರೆಗಿನ ಒಂದು ಜೊತೆ ರಬ್ಬರ್ ಬೂಟು. ಕೈಗಳು ಗುದ್ದಲಿ ಹಿಡಿಯಲು ಬಿಡುವಾಗಿರುತ್ತವೆ, ಕಾಲು ಎಲ್ಲಿ ಬೀಳುತ್ತಿದೆ ಎಂಬುದು ಕಾಣುತ್ತದೆ. ತುಪ್ಪದ ಸಿಹಿಯ ಒಂದು ಕಿಲೋ ಡಬ್ಬಿಗೆ ಕೊಡುವ ಹಣದ ಆಸುಪಾಸಿನಲ್ಲೇ ಎರಡೂ ದೊರೆಯುತ್ತವೆ.

ಮೂರನೆಯದು ಸೊಳ್ಳೆ ಪರದೆ. ಕಟ್ಟಹಾವು ರಾತ್ರಿಯಲ್ಲಿ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿಯೇ ಕಡಿಯುವುದು ಹೆಚ್ಚು. ನೋವು ಅಷ್ಟಾಗಿ ಇರುವುದಿಲ್ಲವಾದ್ದರಿಂದ ಕಡಿತವೇ ಗೊತ್ತಾಗದೆ ಬೆಳಗಾಗುವುದೂ ಉಂಟು. ಹಾಸಿಗೆಯ ಕೆಳಗೆ ಅಂಚು ಸಿಕ್ಕಿಸಿದ ಪರದೆಯೊಳಗೆ ಮಲಗುವವರಿಗೆ ಈ ಅಪಾಯ ಬಹಳಷ್ಟು ತಗ್ಗುತ್ತದೆ. ಭತ್ತದ ನಾಟಿಗೆ, ಮೆಣಸಿನಕಾಯಿ ಬಿಡಿಸಲು ಬಂದು ಗುಡಿಸಲಿನಲ್ಲಿ ಉಳಿಯುವ ಕೂಲಿ ಕುಟುಂಬಗಳಿಗೆ ಮಾಲೀಕರು ಕೊಡಬೇಕಾದ ಮೊದಲ ಉಡುಗೊರೆ ಇದೇ ಎನ್ನಬಹುದು. ಕಡಿತವಾದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡ. ಕಡಿತಕ್ಕೊಳಗಾದ ಕೈ ಅಥವಾ ಕಾಲನ್ನು ಅಲುಗಾಡಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ತಡಮಾಡದೆ ಸೇರಿಸುವುದೊಂದೇ ಚಿಕಿತ್ಸೆಯ ದಾರಿ. ಈ ಎರಡು ಸಾಲು ಬರೆದ ಚೀಟಿಯನ್ನು ಪರದೆಯ ಜೊತೆಗೇ ಮಡಚಿಡಬಹುದು.

ದಸರಾ, ದೀಪಾವಳಿಗೆ ಕಾಗದದ ಚೀಲ

ಹೊಳೆಯ ಪ್ರವಾಹಕ್ಕೂ ಸಿಡಿಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಸಿಡಿಲು ನಿಮಿಷಗಳ ಸೂಚನೆಯನ್ನಷ್ಟೇ ಕೊಡುತ್ತದೆ. ಜಲಾಶಯದಿಂದ ಬಿಟ್ಟ ನೀರು ಕಂಪ್ಲಿ ದಾಟಿ ಸಿರುಗುಪ್ಪದ ಹಳ್ಳಿಗಳನ್ನು ಮುಟ್ಟಲು ಗಂಟೆಗಳೇ ಬೇಕು. ಆ ಗಂಟೆಗಳನ್ನು ಹೇಗೆ ಬಳಸಿಕೊಳ್ಳುತ್ತೇವೆ ಎಂಬುದೇ ಸಿದ್ಧತೆಯ ತಿರುಳು. ಪಡಿತರ ಚೀಟಿ ಎಲ್ಲಿದೆ, ಪಾಸ್‌ಬುಕ್ ಯಾವ ಪೆಟ್ಟಿಗೆಯಲ್ಲಿದೆ ಎಂದು ಹುಡುಕುವುದರಲ್ಲೇ ಅವು ಕಳೆದುಹೋದರೆ ದನಕರುಗಳ ಕಣ್ಣಿ ಬಿಚ್ಚಲು, ಮುದುಕರನ್ನು ಎತ್ತರದ ಜಾಗಕ್ಕೆ ಸಾಗಿಸಲು ಹೊತ್ತು ಉಳಿಯುವುದಿಲ್ಲ.

ಆದ್ದರಿಂದ ದಸರಾಕ್ಕೆ ಕೊಡಬಹುದಾದದ್ದು ನೀರು ಒಳನುಗ್ಗದಂತೆ ಬಾಯಿ ಮುಚ್ಚುವ ಗಟ್ಟಿ ಪ್ಲಾಸ್ಟಿಕ್ ಕೈಚೀಲ. ಆಧಾರ್, ಪಡಿತರ ಚೀಟಿ, ಪಹಣಿ, ರೈತರ ‘ಫ್ರೂಟ್ಸ್’ ಗುರುತಿನ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ, ದಿನವೂ ನುಂಗುವ ಮಾತ್ರೆಯ ಚೀಟಿ, ಇವೆಲ್ಲದರ ಪ್ರತಿಗಳು ಅದರೊಳಗಿರಲಿ. ನಗರದಲ್ಲಿರುವ ಮಕ್ಕಳು ಅವನ್ನು ಡಿಜಿಲಾಕರ್‌ನಲ್ಲಿಯೂ ಇರಿಸಿಕೊಟ್ಟರೆ ಇನ್ನೂ ಒಳಿತು. ನೆರೆ ಇಳಿದ ಮೇಲೆ ಪರಿಹಾರದ ಸಾಲು ಆರಂಭವಾಗುವುದು ಇದೇ ಕಾಗದಗಳಿಂದ. 2022ರಿಂದ 2026ರವರೆಗಿನ ಕೇಂದ್ರದ ಮಾನದಂಡದಂತೆ ಮನೆಗೆ ನೀರು ನುಗ್ಗಿ ನಷ್ಟವಾದ ಕುಟುಂಬಕ್ಕೆ ಬಟ್ಟೆಗೆ 2,500 ರೂಪಾಯಿ, ಪಾತ್ರೆಗೆ 2,500 ರೂಪಾಯಿ. ಅಷ್ಟು ಸಣ್ಣ ಮೊತ್ತಕ್ಕೂ ಖಾತೆ ಸಂಖ್ಯೆ ಬೇಕು, ಹೆಸರು ತಾಳೆಯಾಗಬೇಕು.

ಚೀಲದೊಳಗೆ ನೂರು, ಐವತ್ತು, ಇಪ್ಪತ್ತರ ನೋಟುಗಳಲ್ಲಿ ಒಂದಷ್ಟು ಹಣವಿರಲಿ. ಗೋಪುರಕ್ಕೆ ವಿದ್ಯುತ್ ಇಲ್ಲದ ದಿನ ಮೊಬೈಲ್ ಪಾವತಿ ನಡೆಯುವುದಿಲ್ಲ. ಒಂದು ಸೀಟಿಯೂ ಇರಲಿ. ಕೂಗಿ ಕರೆಯುವವರ ಗಂಟಲು ಬೇಗ ಸೋಲುತ್ತದೆ, ಸೀಟಿಯ ಸದ್ದು ದೂರ ಹೋಗುತ್ತದೆ. ಸೆಲ್ ಹಾಕುವ ಪುಟ್ಟ ರೇಡಿಯೊ ಇದ್ದರೆ ಹೊಸಪೇಟೆ ಆಕಾಶವಾಣಿಯ ಪ್ರಕಟಣೆ ಮೊಬೈಲ್ ಸತ್ತ ಮೇಲೂ ಕೇಳಿಸುತ್ತದೆ. ಜೀನ್ಸ್ ಹೊಲಿಗೆಗೆ ಹೆಸರಾದ ಬಳ್ಳಾರಿಯಲ್ಲಿ ಇಷ್ಟನ್ನೂ ಹಿಡಿಸುವ ಗಟ್ಟಿ ಹೊರಚೀಲ ಹೊಲಿಸುವುದು ಕಷ್ಟದ ಕೆಲಸವೇನಲ್ಲ. ದೀಪಾವಳಿಗೆ ಕಾರ್ಮಿಕರಿಗೆ ಡಬ್ಬಿ ಹಂಚುವ ಹೊಲಿಗೆ ಘಟಕಗಳು, ಅಕ್ಕಿ ಗಿರಣಿಗಳು, ಅಂಗಡಿಗಳು ತಮ್ಮದೇ ಹೊಲಿಗೆಯ ಅಂತಹ ಚೀಲವನ್ನು ಜೊತೆಗೆ ಕೊಟ್ಟರೆ ಅದು ಹಳ್ಳಿಯ ಮನೆಯ ಗೂಟಕ್ಕೆ ವರ್ಷವಿಡೀ ತೂಗುತ್ತದೆ.

ಚೀಲದ ಜೊತೆಗೆ ಒಂದು ಮಾತೂ ಹೋಗಬೇಕು. ಮುಳುಗಿದ ಸೇತುವೆಯನ್ನು ದಾಟುವ ಸಾಹಸ ಬೇಡ. ರಭಸದಿಂದ ಹರಿಯುವ ನೀರು ಅರ್ಧ ಅಡಿಯಷ್ಟಿದ್ದರೂ ನಿಂತ ಮನುಷ್ಯನ ಕಾಲು ತಪ್ಪಿಸಬಲ್ಲದು, ಒಂದು ಅಡಿಯ ನೀರು ಸಣ್ಣ ಕಾರನ್ನು ಎಳೆದೊಯ್ಯಬಲ್ಲದು. ವರ್ಷಗಟ್ಟಲೆ ಮರಳಾಗಿಯೇ ಕಂಡ ಹಗರಿಯನ್ನು ನಂಬಲಾಗದು ಎಂಬುದಕ್ಕೂ ನಿದರ್ಶನವಿದೆ. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಆ ನೀರು ಹರಿದುಬಂದದ್ದು ಇದೇ ವೇದಾವತಿಯ ಪಾತ್ರದಲ್ಲಿ. 2025ರ ಜನವರಿಯಲ್ಲಿ ಜಲಾಶಯ ಮತ್ತೆ ಕೋಡಿ ಹರಿಯಿತು.

ನಗರದ ಮನೆಗೂ ಅಷ್ಟೇ

ಹೊಳೆ ದೂರವಿದೆ, ನಮಗೇಕೆ ಈ ಚಿಂತೆ ಎಂದು ಬಳ್ಳಾರಿ ನಗರದ ಓದುಗರು ಭಾವಿಸಬೇಕಾಗಿಲ್ಲ. ನಗರದ ಮನೆಯ ಅಪಾಯ ಅಡುಗೆಮನೆಯಲ್ಲಿದೆ. ಅಡುಗೆ ಅನಿಲದ ರಬ್ಬರ್ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕೆಂಬ ನಿಯಮ ಬಹುಪಾಲು ಮನೆಗಳಲ್ಲಿ ಮರೆತುಹೋಗಿದೆ. ಒಬ್ಬಂಟಿಯಾಗಿರುವ ಹಿರಿಯರ ಮನೆಗೆ ಐಎಸ್‌ಐ ಗುರುತಿನ ಹೊಸ ‘ಸುರಕ್ಷಾ’ ಕೊಳವೆಯನ್ನು ಕೊಂಡೊಯ್ದು, ವಿತರಕರ ಸಿಬ್ಬಂದಿಯಿಂದ ಹಾಕಿಸಿಕೊಡುವುದು ಗೋಡೆ ಗಡಿಯಾರಕ್ಕಿಂತ ಮೇಲಾದ ಉಡುಗೊರೆ. ಮುಚ್ಚಳವಿರುವ 20 ಲೀಟರ್ ನೀರಿನ ಕ್ಯಾನು, ಚಾರ್ಜ್ ಮಾಡಿಟ್ಟ ಪವರ್ ಬ್ಯಾಂಕ್, ಪ್ರಥಮ ಚಿಕಿತ್ಸೆಯ ಡಬ್ಬಿ, ಇವೂ ನಗರದ ಮನೆಗೆ ಹೊಂದುತ್ತವೆ. ಪಟಾಕಿಯ ದಿನ ಸುಟ್ಟ ಗಾಯವಾದರೆ ಹಲ್ಲುಜ್ಜುವ ಪೇಸ್ಟನ್ನಾಗಲಿ ಶಾಯಿಯನ್ನಾಗಲಿ ಹಚ್ಚದೆ, 20 ನಿಮಿಷ ತಣ್ಣೀರು ಹರಿಸಬೇಕು ಎಂಬ ಸಾಲನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಡಬಹುದು.

ಎಲ್ಲಕ್ಕಿಂತ ಅಗ್ಗದ್ದು ಒಂದು ರಟ್ಟಿನ ಹಾಳೆ. ದಪ್ಪ ಅಕ್ಷರಗಳಲ್ಲಿ ಎಲ್ಲ ತುರ್ತಿಗೆ 112, ಆಂಬುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ವಿದ್ಯುತ್ ದೂರಿಗೆ 1912, ಅನಿಲ ಸೋರಿಕೆಗೆ 1906 ಎಂದು ಬರೆದು, ಕೆಳಗೆ ಮನೆಯ ಇಬ್ಬರು ಹತ್ತಿರದವರ ಸಂಖ್ಯೆ ಸೇರಿಸಿ ಬಾಗಿಲ ಹಿಂದೆ ಅಂಟಿಸಿದರಾಯಿತು. ಮೊಬೈಲಿನ ನೆನಪಿನಲ್ಲಷ್ಟೇ ಸಂಖ್ಯೆಗಳಿರುವ ಈ ಕಾಲದಲ್ಲಿ, ಚಾರ್ಜ್ ಮುಗಿದ ಮೊಬೈಲಿನ ಒಡೆಯನಿಗೆ ಹೆಂಡತಿಯ ಸಂಖ್ಯೆಯೂ ನೆನಪಿರುವುದಿಲ್ಲ.

ಅಪಶಕುನವೇ?

ಹಬ್ಬದ ದಿನ ಔಷಧ, ಬ್ಯಾಟರಿ, ಹಗ್ಗ ಕೊಡುವುದೆಂದರೆ ಕೆಡುಕನ್ನು ಕರೆದಂತಲ್ಲವೇ ಎಂಬ ಆಕ್ಷೇಪ ಬರುವುದು ಸಹಜ. ಹಿರಿಯರ ಈ ಅಳುಕನ್ನು ಹಗುರವಾಗಿ ತೆಗೆದುಹಾಕಬೇಕಾಗಿಲ್ಲ. ಆದರೆ ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಏನಿರುತ್ತದೆ ಎಂಬುದನ್ನು ನೋಡಬೇಕು. ಅರಿಶಿನ, ಕುಂಕುಮ, ಬಳೆಯ ಜೊತೆಗೆ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆಯ ಬಟ್ಟೆ, ಕನ್ನಡಿ, ಬಾಚಣಿಗೆ. ಅಲಂಕಾರದಷ್ಟೇ ಅನ್ನಕ್ಕೂ ಅದರಲ್ಲಿ ಜಾಗವಿದೆ. ಮಗಳ ಮನೆಯಲ್ಲಿ ಯಾವುದಕ್ಕೂ ಕೊರತೆಯಾಗದಿರಲಿ ಎಂಬ ಹಾರೈಕೆಯನ್ನು ವಸ್ತುರೂಪದಲ್ಲಿ ಕಟ್ಟಿಕೊಡುವುದೇ ಬಾಗಿನ. ಉಡಿ ತುಂಬುವುದರ ಅರ್ಥವೂ ಅದೇ. ಆ ಹಾರೈಕೆಗೆ ಒಂದು ಬ್ಯಾಟರಿ ಸೇರಿದರೆ ಶಾಸ್ತ್ರಕ್ಕೆ ಭಂಗವೇನೂ ಬರಲಾರದು. ಈದ್‌ಗೂ ಕ್ರಿಸ್‌ಮಸ್‌ಗೂ ಕೊಡುಕೊಳ್ಳುವ ಬಳ್ಳಾರಿಯ ಮನೆಗಳಿಗೂ ಈ ಮಾತು ಅನ್ವಯಿಸುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮನೆಮನೆಗೆ ಚೀಲ ಹಂಚಿಬಿಟ್ಟರೆ ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳುವುದಿಲ್ಲವೇ? 19ನೇ ಗೇಟಿನ ಸರಪಳಿಯನ್ನು ಯಾವ ರೈತನ ಬ್ಯಾಟರಿಯೂ ಹಿಡಿದು ನಿಲ್ಲಿಸುತ್ತಿರಲಿಲ್ಲ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದನ್ನು ಯಾವ ಸೀಟಿಯೂ ತಪ್ಪಿಸದು. ಪ್ರತಿವಿಷದ ದಾಸ್ತಾನಿಲ್ಲದ ಆರೋಗ್ಯ ಕೇಂದ್ರಕ್ಕೆ ರಬ್ಬರ್ ಬೂಟು ಪರ್ಯಾಯವಲ್ಲ. ರಾತ್ರಿ ಪಾಳಿಯ ವಿದ್ಯುತ್ತನ್ನು ಹಗಲಿಗೆ ತರುವುದು ಇಂಧನ ಇಲಾಖೆಯ ಕೆಲಸವೇ ಹೊರತು ಅಳಿಯನದಲ್ಲ. ಈ ಬೇಡಿಕೆಗಳು ಒಂದಿನಿತೂ ಸಡಿಲಗೊಳ್ಳಬಾರದು.

ಆದರೆ ವ್ಯವಸ್ಥೆ ಸರಿಯಾಗುವವರೆಗಿನ ಅವಧಿಯಲ್ಲಿಯೂ ಮಳೆ ಬರುತ್ತದೆ. 2009ಕ್ಕೂ 2024ಕ್ಕೂ ನಡುವೆ ಹದಿನೈದು ಮಳೆಗಾಲಗಳು ಕಳೆದವು. 2019ರ ಆಗಸ್ಟ್‌ನಲ್ಲಿ ಹಂಪಿಯ ಸ್ಮಾರಕಗಳನ್ನು ನೀರು ಸುತ್ತುವರಿಯಿತು. ವಿರೂಪಾಪುರ ಗಡ್ಡಿಯಲ್ಲಿ ಸಿಲುಕಿದ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಕರೆತರಬೇಕಾಯಿತು. ರಕ್ಷಣಾ ತಂಡ ಎಷ್ಟೇ ಸಮರ್ಥವಾಗಿದ್ದರೂ ಅದು ತಲುಪುವ ಮೊದಲಿನ ಕೆಲವು ತಾಸುಗಳು ಮನೆಯವರ ಮತ್ತು ನೆರೆಯವರ ಕೈಯಲ್ಲೇ ಇರುತ್ತವೆ.

ಕೊಟ್ಟು ಮರೆತರೆ ಉಪಯೋಗವಿಲ್ಲ

ಇಂತಹ ಉಡುಗೊರೆಗಳಿಗೆ ಒಂದು ದೋಷವಿದೆ. ಸೀರೆಯಂತೆ ಇವು ಪೆಟ್ಟಿಗೆಯಲ್ಲಿ ಸುಮ್ಮನೆ ಉಳಿಯಲಾರವು. ಬ್ಯಾಟರಿಯ ಸೆಲ್ ಒಳಗೇ ಸೋರಿ ತುಕ್ಕು ಹಿಡಿಯುತ್ತದೆ, ಓಆರ್‌ಎಸ್ ಪೊಟ್ಟಣದ ಅವಧಿ ಮುಗಿಯುತ್ತದೆ, ಪವರ್ ಬ್ಯಾಂಕ್ ತಿಂಗಳುಗಟ್ಟಲೆ ಇಟ್ಟರೆ ಬರಿದಾಗುತ್ತದೆ, ಚೀಲದೊಳಗಿನ ಹಣ ಮತ್ತಾವುದೋ ಖರ್ಚಿಗೆ ಹೋಗುತ್ತದೆ. ಬಳಕೆಗೆ ಬರುವವರೆಗೆ ತಪಾಸಣೆಯಾಗದ ವಸ್ತು ಬಳಕೆಯ ದಿನವೇ ಮುರಿಯುತ್ತದೆ ಎಂಬುದನ್ನು ತುಂಗಭದ್ರೆಯ ಸರಪಳಿ ಇಡೀ ಸೀಮೆಗೆ ತೋರಿಸಿಕೊಟ್ಟಿದೆ.

ಪರಿಹಾರವೂ ಹಬ್ಬದಲ್ಲೇ ಇದೆ. ಪಂಚಮಿಗೆ ಮನೆ ಸಾರಿಸುವಾಗ, ದಸರಾಕ್ಕೆ ಆಯುಧಪೂಜೆ ಮಾಡುವಾಗ ಈ ಚೀಲವನ್ನೂ ಒಮ್ಮೆ ಕೆಳಗಿಳಿಸಬಹುದು. ವಾಹನ, ಮಗ್ಗ, ಹೊಲಿಗೆ ಯಂತ್ರ, ಕುಡುಗೋಲುಗಳನ್ನೆಲ್ಲ ಒರೆಸಿ ಕುಂಕುಮವಿಡುವ ದಿನ ಬ್ಯಾಟರಿಯ ಗುಂಡಿ ಒತ್ತಿ ನೋಡಿ, ಹಳೆಯ ಸೆಲ್ ತೆಗೆದು ಹೊಸದನ್ನು ಹಾಕಿ, ಅವಧಿ ಮುಗಿದ ಮಾತ್ರೆಗಳನ್ನು ಬೇರ್ಪಡಿಸಲು ಹತ್ತು ನಿಮಿಷ ಸಾಕು. ಕೊಟ್ಟವರು ಮರುವರ್ಷ ಬಂದಾಗ ಸಿಹಿ ಹೇಗಿತ್ತೆಂದು ಕೇಳುವ ಜೊತೆಗೆ ಬ್ಯಾಟರಿ ಹತ್ತುತ್ತಿದೆಯೇ ಎಂದೂ ವಿಚಾರಿಸಬಹುದು.

ಬಳ್ಳಾರಿಯಿಂದ ಕುರುಗೋಡು, ಸಿರುಗುಪ್ಪದತ್ತ ಹಬ್ಬದ ಹಿಂದಿನ ಸಂಜೆ ಹೊರಡುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪ್ರತಿ ಮಡಿಲಲ್ಲಿ ಒಂದು ಡಬ್ಬಿ, ಪ್ರತಿ ಕೈಯಲ್ಲಿ ಒಂದು ಚೀಲ. ಅಂಗೈಯಗಲದ ಬ್ಯಾಟರಿಗೂ ನಾಲ್ಕು ಪೊಟ್ಟಣಗಳಿಗೂ ಆ ಚೀಲಗಳಲ್ಲಿ ಇನ್ನೂ ಜಾಗವಿದೆ.